ಹುಲಿಯಾ ಕೆರೆಯಬಾರದು

ಹುಲಿಯಾನ ಮುಂಗಾಲು ಮೇಲೆದ್ದಿತು.

ಕಾರಿನ ಸೀಟಿನ ಕೆಳಗೆ ಬಾಂಬ್. ಸೀಟಿನ ಮೇಲೆ ಶಾರದವ್ವ. ನಡುವೆ ನನ್ನ ನಾಯಿಯ ಉಗುರು...

ಸ್ಯಾನ್ ಡಿಯೇಗೊ, ೧೯೮೨. ಎಂಜಿನಿಯರ್ ಮಹಾಂತಪ್ಪನವರ ಗರಾಜು. ಅವರ ವ್ಯವಹಾರದ ಪಾಲುದಾರಿಕೆಯಿಂದ ಹೊರಬಿದ್ದ ಅಣ್ಣಾಸಾಹೇಬ ಫೋನ್ ಮಾಡಿ ಮಾಡಿ ಬೆದರಿಸುತ್ತಿದ್ದ. ಪೊಲೀಸರ ತನಕ ಹೋದರೆ ನಮ್ಮ ಮಂದಿಯಲ್ಲಿ ಮಾನ ಹೋಗುತ್ತದೆಂದು ಮಹಾಂತಪ್ಪ ನನ್ನನ್ನು ಕರೆಸಿದ್ದರು. ಪತ್ತೇದಾರಿಕೆ ನನ್ನ ಕಸುಬು. ಸಿಡಿಮದ್ದಿನ ವಾಸನೆ ಹಿಡಿಯುವುದು ಹುಲಿಯಾನ ಕಸುಬು.

ಲಾಸ್ ಏಂಜಲೀಸ್‌ನಿಂದ ಫ್ರೀವೇಯುದ್ದಕ್ಕೂ ಅಣ್ಣಾಸಾಹೇಬನ ಕಡೆಯವರ ಕಪ್ಪು ವ್ಯಾನ್ ನನ್ನ ಬೆನ್ನು ಹತ್ತಿತ್ತು. ಎಕ್ಸಿಟ್ ದಾಟುವವನಂತೆ ನಟಿಸಿ ಕಡೇ ಗಳಿಗೆಯಲ್ಲಿ ಸ್ಟಿಯರಿಂಗ್ ಎಳೆದೆ. ವ್ಯಾನ್ ಮುಂದೆ ಹೋಯಿತು. ಆದರೆ ಮನೆ ಮುಟ್ಟುವಷ್ಟರಲ್ಲಿ ತಡವಾಗಿತ್ತು! ತರಕಾರಿಗೆ ಹೊರಟ ಮಹಾಂತಪ್ಪನವರ ಹೆಂಡತಿ ಶಾರದವ್ವ ಕಾರಿನಲ್ಲಿ ಕೂತಾಗಿತ್ತು. ಎದ್ದರೆ ಸಿಡಿಯುತ್ತದೆ ಎಂದು ಅಣ್ಣಾಸಾಹೇಬ ಫೋನಿನಲ್ಲಿ ನಕ್ಕಿದ್ದ. ಈಗ ಮಾನ ಮರೆತು ಮಹಾಂತಪ್ಪ ಪೊಲೀಸರನ್ನು ಕರೆಯುತ್ತಿದ್ದರು. ಮದ್ದು ಎಲ್ಲಿದೆಯೆಂದು ತಿಳಿಯಲು ನಾನು ಹುಲಿಯಾನನ್ನು ಬಿಟ್ಟೆ.

ವಾಸನೆ ಸಿಕ್ಕರೆ ನಾಯಿ ಸುಮ್ಮನೆ ಕೂರಬೇಕು. ಬೊಗಳಬಾರದು. ಕೆರೆಯಬಾರದು. ಕೂತರೆ ಚೆಂಡು ಕೊಡುತ್ತೇನೆ. ಕೆರೆದರೆ ಬೆನ್ನು ತಿರುಗಿಸುತ್ತೇನೆ. ಲಾಸ್ ಏಂಜಲೀಸ್‌ನ ನಾರ್ತ್‌ರಿಜ್‌ನಲ್ಲಿ, ನಮ್ಮ ಮನೆಯ ಹಿತ್ತಿಲಿನಲ್ಲಿ ತಿಂಗಳುಗಟ್ಟಲೆ ಇದನ್ನೇ ತಿದ್ದಿಸಿದ್ದೆ.

ನಾನು ಹಿತ್ತಿಲಲ್ಲಿ ತಿದ್ದಿಸಿದ್ದನ್ನು ಚಿಗವ್ವ ಮಲ್ಲವ್ವ ಒಳಗೆ ಅಳಿಸುತ್ತಿದ್ದಳು! ಅವನು ಅಡುಗೆಮನೆ ಬಾಗಿಲು ಕೆರೆದರೆ ಸಾಕು, ಒಂದು ಚೂರು ರೊಟ್ಟಿ.

"ಬಾಗಲಿಗೆ ಬಂದ ಜೀವಾನ ಬರಿಗೈಲೆ ಹೆಂಗ ಕಳಸ್ಲೋ ತಮ್ಮಾ?"

ಬೈದೆ. ಬೇಡಿಕೊಂಡೆ. ಬಾಗಿಲಿಗೆ ಅಡ್ಡ ಹಲಗೆ ಹೊಡೆದೆ. ಆಕೆ ಕಿಟಕಿಯಿಂದ ಕೊಟ್ಟಳು.

ಈಗ ಆ ರೊಟ್ಟಿಯ ಪಾಠ ಸೀಟಿನ ಬುಡದಲ್ಲಿ ಮುಂಗಾಲೆತ್ತಿ ನಿಂತಿತ್ತು...

ಅವನ ಕೊರಳ ಹಗ್ಗ ಎಳೆಯುವಂತಿಲ್ಲ, ಕಾರಿನ ಪೆಡಲಿಗೆ ಸುತ್ತಿಕೊಂಡಿತ್ತು. ಕೂಗುವಂತಿಲ್ಲ, ಕೂಗಿದರೆ ಅವನಿಗೆ ಹುರುಪು ಜಾಸ್ತಿ.

"ನಿಮ್ಮ ನಾಯಿ ಕೆರಿಯಾಕ ಹತ್ತೈತ್ರಿ," ಶಾರದವ್ವ ಮೈ ಅಲುಗಿಸದೆ ಅಂದರು.

ಬಾಂಬಿಗೆ ಬೆನ್ನು ತಿರುಗಿಸಿ ನಿಂತೆ.

ಕರ್ರ್...

ಗೋಡೆಗೆ ತೂಗುಹಾಕಿದ ಸೈಕಲ್ ನೋಡುತ್ತಿದ್ದೆ. ಬೆವರು ಕಣ್ಣಿಗಿಳಿಯಿತು. ಒರೆಸಿಕೊಳ್ಳಲಿಲ್ಲ.

ಕರ್ರ್...

ಆಮೇಲೆ ಸದ್ದೇ ಇಲ್ಲ.

"ಕುಂತೈತ್ರಿ," ಅಂದರು ಶಾರದವ್ವ.

ತಿರುಗಿದೆ. ತಲೆ ಹೊರಗೆಳೆದುಕೊಂಡು, ತೆರೆದ ಬಾಗಿಲ ಪಕ್ಕದಲ್ಲಿ ಹುಲಿಯಾ ಕಲ್ಲಿನ ಬಸವನಂತೆ ಕೂತಿದ್ದ. ಮೂಗು ಸೀಟಿನ ಕಡೆಗೆ. ಮೆಲ್ಲಗೆ ಹಗ್ಗ ಬಿಡಿಸಿ ಹೊರಗೊಯ್ದು ಚೆಂಡು ಕೊಟ್ಟೆ.

ಬಾಂಬ್ ಸ್ಕ್ವಾಡ್ ಬಂದು ತಂತಿ ಕತ್ತರಿಸಿತು. ಅಣ್ಣಾಸಾಹೇಬ ಸಂಜೆಯೊಳಗೆ ಏರ್‌ಪೋರ್ಟಿನಲ್ಲಿ ಸಿಕ್ಕಿಬಿದ್ದ.

ಶಾರದವ್ವ ಇಳಿದವರೇ ನೆರಿಗೆ ಸರಿಮಾಡಿಕೊಂಡು ನನ್ನನ್ನು ದಿಟ್ಟಿಸಿದ್ದರು.

"ಆ ಕಡೆ ಮಾರಿ ಮಾಡಿ ಯಾಕ ನಿಂತ್ರಿ? ಅಂಜಿದ್ರೇನು?"

"ಅದು ಟ್ರೇನಿಂಗ್‌ರಿ, ಅಕ್ಕಾರ."

"ಅಂಜಿಕಿ ಇರಲಿಲ್ಲಾ?"

"ಅದೂ ಇತ್ರಿ. ನಾಯಿಗೆ ತೋರಿಸಬಾರದು, ಅಷ್ಟ."