ಸೀಗೆಕುಂಟೆಯಲ್ಲಿ ಇಲ್ಲದ ಬಾವಿ

2025ರ ಫೆಬ್ರವರಿ 11, ಮಂಗಳವಾರ, ಬೆಳಿಗ್ಗೆ 10.20. ಠಾಣಾ ದಿನಚರಿಯಲ್ಲಿ ಇಷ್ಟು ಬರೆದು ತಲೆ ಎತ್ತಿದ ಹೆಡ್ ಕಾನ್‌ಸ್ಟೇಬಲ್ ಚೆನ್ನರಾಯಪ್ಪ, ಎದುರಿಗೆ ನಿಂತ ಮುದುಕಿ ಹೇಳಿದ ಊರು, ಗಂಡನ ಹೆಸರು ಕೇಳಿ ಪೆನ್ನು ಕೆಳಗಿಟ್ಟ. ಆಕೆ ಸೀಗೆಕುಂಟೆಯ ಅಮ್ಮಾಜಮ್ಮ, ಹವಾಲ್ದಾರ್ ಆವಲಪ್ಪನ ಹೆಂಡತಿ. ಆವಲಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ಸದ್ಯ, ಈ ಮನೆಯ ಕತೆ ಮುಗಿಯಿತು ಎಂದು ಚೆನ್ನರಾಯಪ್ಪ ಉಸಿರು ಬಿಟ್ಟುಕೊಂಡು ಓಡಾಡಿದ್ದೂ ಆ ಆರೇ ವರ್ಷ.

"ಕಂಪ್ಲೇಂಟ್ ಕೊಡ್ಬೇಕು ಸಾರ್," ಎಂದಳು ಮುದುಕಿ. "ಯಾರ ಮ್ಯಾಲೆ ಅಂತ ಮಾತ್ರ ಗೊತ್ತಿಲ್ಲ."

ಬಂಡೆಗುಂಟೆ ಠಾಣೆ ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರದ ಕಡೆ ಹೋಗುವ ರಸ್ತೆಯಲ್ಲಿದೆ. ಪಿಎಸ್‌ಐ ಪವಿತ್ರ ಅಲ್ಲಿಗೆ ಬಂದು ಎಂಟು ತಿಂಗಳು. ಮಾತು ಕಮ್ಮಿ. ಚೆನ್ನರಾಯಪ್ಪ ಅಲ್ಲಿನ ರೈಟರ್. ಎಫ್‌ಐಆರ್, ಪಂಚನಾಮೆ, ಹೇಳಿಕೆ, ಏನೇ ಇದ್ದರೂ ಬರೆಯುವ ಕೈ ಅವನದು. ನಿವೃತ್ತಿಗೆ ನಾಲ್ಕು ತಿಂಗಳು ಬಾಕಿ. ದೂರು ಬರೆದುಕೊಳ್ಳಲು ಅವನೇ ಕೂತ. ಬೇರೆ ಯಾರು ಕೂರಬೇಕು?

ದೂರಿನ ಸಾರಾಂಶ ಇಷ್ಟು. ಆವಲಪ್ಪ 1988ರಲ್ಲಿ ಶ್ರೀಲಂಕಾಕ್ಕೆ ಹೋದ ಪಡೆಯಲ್ಲಿದ್ದ. ಎಡಗಾಲಿಗೆ ಗುಂಡು ತಗುಲಿದ ಮೇಲೂ ಇಬ್ಬರು ಜೊತೆಗಾರರನ್ನು ಎಳೆದು ತಂದ. ಗಾಯಕ್ಕೊಂದು, ಶೌರ್ಯಕ್ಕೊಂದು, ಎರಡು ಪದಕ ಅವನಿಗೆ ಸಲ್ಲಬೇಕಿತ್ತು. ಸೇವಾ ದಾಖಲೆಯಲ್ಲಿ ಎರಡೂ ಬಿಟ್ಟುಹೋಗಿದ್ದವು. ಆಸ್ಪತ್ರೆಯ ಕಾಗದ ಕಳೆದುಹೋಗಿತ್ತು. 2012ರಲ್ಲಿ ಅವನ ಹಳೆಯ ಅಧಿಕಾರಿಯೊಬ್ಬರು ಪತ್ರ ಬರೆದದ್ದರಿಂದ ಸೇನಾ ದಾಖಲೆ ಕಚೇರಿಯವರು ಕಡತ ತೆರೆದು, ಗಾಯ ಹೇಗಾಯಿತೆಂದು ಊರಲ್ಲಿ ವಿಚಾರಿಸಿ ತಿಳಿಸಿ ಎಂದು ಈ ಠಾಣೆಗೆ ಬರೆದರು. ಠಾಣೆಯಿಂದ ವರದಿ ಹೋಯಿತು. ಪದಕ ತಿರಸ್ಕಾರವಾಯಿತು.

"ಆ ವರದಿ ಈಗ ಸಿಕ್ತಮ್ಮ," ಎಂದು ಅಮ್ಮಾಜಮ್ಮ ಪ್ಲಾಸ್ಟಿಕ್ ಕವರಿನಿಂದ ಜೆರಾಕ್ಸ್ ತೆಗೆದು ಪವಿತ್ರಳ ಮುಂದಿಟ್ಟಳು. "ಮೊಮ್ಮಗಳು ಮೌನಿಕಾ ಮಾಹಿತಿ ಹಕ್ಕಿನಾಗೆ ಅರ್ಜಿ ಹಾಕಿ ತೆಗ್ಸಿದ್ಲು. ಪೊಲೀಸ್ನೋರು ಇದು ಸುಳ್ಳು ಅಂತ ಬರ್ಕೊಟ್ರೆ ದಾಖಲೆ ತಿದ್ತೀವಿ, ಇಲ್ಲಾಂದ್ರೆ ಆಗಲ್ಲ ಅಂದವ್ರೆ ಮಿಲಿಟ್ರಿಯೋರು."

ಪವಿತ್ರ ಓದಿದಳು. "ಸದರಿ ಆವಲಪ್ಪನ ಎಡಗಾಲಿನ ಗಾಯವು ಯುದ್ಧದಲ್ಲಿ ಆದದ್ದಲ್ಲ. ರಜೆಯಲ್ಲಿ ಬಂದಾಗ ತನ್ನ ತೋಟದ ಬಾವಿಗೆ ಬಿದ್ದು ಆದದ್ದೆಂದು ಗ್ರಾಮಸ್ಥರು ತಿಳಿಸಿರುತ್ತಾರೆ." ಕೆಳಗೆ ಆಗಿನ ಎಸ್‌ಐ ಸಹಿ. ಅವರು ಈಗಿಲ್ಲ. ಅದರ ಕೆಳಗೆ ಸಾಕ್ಷಿಯ ಸಹಿ ಒಂದು. ಬರೆದವನ ಹೆಸರು ಎಲ್ಲೂ ಇರಲಿಲ್ಲ.

ಹೆಸರೇಕೆ ಬೇಕು? ದುಂಡಗೆ, ಸಾಲು ಓರೆಯಾಗದಂತೆ ಬರೆದ ಆ ಅಕ್ಷರ ಚೆನ್ನರಾಯಪ್ಪನದೇ. ಅವನು ಕತ್ತು ಬಗ್ಗಿಸಿ ದೂರಿನ ಕೊನೆಯ ಸಾಲನ್ನು ಎರಡು ಸಲ ಬರೆದು ಒಂದನ್ನು ಹೊಡೆದುಹಾಕಿದ.

ಮಧ್ಯಾಹ್ನ 12.15ಕ್ಕೆ ಅಪರಿಚಿತ ಸರ್ಕಾರಿ ನೌಕರನ ವಿರುದ್ಧ ಎಫ್‌ಐಆರ್ ದಾಖಲಾಯಿತು. ಕೃತ್ಯ ಹಳೆಯದಾದ್ದರಿಂದ ಹಳೆಯ ಐಪಿಸಿ ಕಲಂಗಳನ್ನೇ ಹಾಕಿದರು. ಅದನ್ನೂ ಚೆನ್ನರಾಯಪ್ಪನೇ ಬರೆದ.

ಮರುದಿನ ಬೆಳಿಗ್ಗೆ ಪವಿತ್ರ ಅವನನ್ನು ಕರೆದಳು.

"2012ರ ಆಫೀಸ್ ಕಾಪಿ ಇರ್ಬೇಕಲ್ಲ ಚೆನ್ನರಾಯಪ್ಪನವರೇ. ಹುಡುಕಿ ಕೊಡಿ."

ದಾಖಲೆ ಕೋಣೆಯಲ್ಲಿ ಅದು ಹತ್ತೇ ನಿಮಿಷಕ್ಕೆ ಸಿಕ್ಕಿತು. ಎಲ್ಲಿದೆಯೆಂದು ಅವನಿಗೆ ಗೊತ್ತಿಲ್ಲದಿದ್ದರೆ ತಾನೇ! ಕಡತವನ್ನು ಮಡಿಸಿ ಊಟದ ಬ್ಯಾಗಿಗೆ ತುರುಕಿಕೊಂಡು, ಒಂದು ಗಂಟೆ ಧೂಳಿನಲ್ಲೇ ಕೂತಿದ್ದು ಆಚೆ ಬಂದ.

"ಸಿಕ್ಲಿಲ್ಲ ಮೇಡಂ. ಆ ಕಡೆ ಕಟ್ಟೆಲ್ಲಾ ಗೆದ್ದಲು ಹಿಡ್ದಿದೆ."

ಪವಿತ್ರ ಅವನ ಮುಖ ನೋಡಿ, "ಸರಿ," ಎಂದಳು. ಅವನು ತನ್ನ ಮೇಜಿಗೆ ಮರಳಿದ. ಥೂ, ನನ್ನ ಜನ್ಮಕ್ಕಿಷ್ಟು ಎಂದು ತನ್ನನ್ನೇ ಬೈದುಕೊಂಡ. ಬೈದುಕೊಂಡನೇ ಹೊರತು ಬ್ಯಾಗು ತೆರೆಯಲಿಲ್ಲ.

13ನೇ ತಾರೀಖು ಗುರುವಾರ ಸೀಗೆಕುಂಟೆಯಲ್ಲಿ ಸ್ಥಳ ಪಂಚನಾಮೆ. ಚೆನ್ನರಾಯಪ್ಪ ಆ ಊರಿಗೆ ಕಾಲಿಟ್ಟದ್ದು ಅದೇ ಮೊದಲು. ಅರವತ್ತು ಮನೆಯ ಊರು. ಆವಲಪ್ಪನ ತೋಟದಲ್ಲಿ ಎರಡು ಕೊಳವೆಬಾವಿ, ಹಿಪ್ಪುನೇರಳೆ, ಒಂದು ಶೆಡ್ಡು. ಮನುಷ್ಯ ಬೀಳುವಂಥ ಬಾವಿ ಮಾತ್ರ ಇರಲಿಲ್ಲ.

"ಮುಚ್ಚಿಸಿದ್ರಾ?" ಎಂದು ಪವಿತ್ರ ಕೇಳಿದಳು.

"ತೋಡಿದ್ರೆ ತಾನೇ ಮುಚ್ಸೋಕೆ," ಎಂದಳು ಅಮ್ಮಾಜಮ್ಮ. "ಬಾವಿಗೆ ಬಿದ್ದಿದ್ದು ಅಂತ ಊರೋರೇ ಹೇಳವ್ರೆ ಅಂತ ಅರ್ಜಿ ತಿರುಗ್ಬಂದ ಮ್ಯಾಲೆ ಊರ ಹುಡುಗ್ರು ಅವರನ್ನ ಬಾವಿ ಹವಾಲ್ದಾರ್ರು ಅಂತ ಕರೆಯೋರು. ಸಂತೆಗೆ ಹೋಗೋದೇ ಬಿಟ್ಬಿಟ್ರು."

ಗೋಡೆ ಆಚೆಯ ಮನೆ ಆವಲಪ್ಪನ ತಮ್ಮ ಪಿಳ್ಳಪ್ಪನದು. ಎಪ್ಪತ್ತೆರಡರ ಪಿಳ್ಳಪ್ಪ ಜಗಲಿಯಲ್ಲಿ ಕೂತಿದ್ದ.

"ಗ್ರಾಮಸ್ಥರು ತಿಳಿಸಿದ್ರು ಅಂತ ವರದಿ ಇದೆ. ನೀವು ಹೇಳಿದ್ರಾ?"

"ಪೊಲೀಸ್ನೋರು ಊರಿಗೇ ಬರ್ಲಿಲ್ಲ ತಾಯಿ. ಯಾರಿಗೆ ಹೇಳ್ಲಿ?"

"ನಿಮ್ಮಣ್ಣ ಏನಂದುಕೊಂಡ್ರು?"

ಪಿಳ್ಳಪ್ಪ ಹೆಗಲ ಮೇಲಿನ ಟವೆಲು ತೆಗೆದ. "ನಾನೇ ಹೇಳಿದ್ದು ಅಂದ್ಕೊಂಡ. ಆಗ ತೋಟದ ಗಡಿ ವಿಷ್ಯಕ್ಕೆ ಮಾತು ಬಂದಿತ್ತು ನಮಗೆ. ಏಳು ವರ್ಷ ಮುಖ ನೋಡ್ಲಿಲ್ಲ. ಸತ್ತಾಗ ಚಟ್ಟಕ್ಕೆ ಹೆಗಲು ಕೊಡೋಕೂ ಬಿಡ್ಲಿಲ್ಲ ನನ್ನ." ಅವನು ಟವೆಲಿನಿಂದ ಮುಖ ಒರೆಸಿಕೊಂಡ. "ಬರ್ಕೊಳ್ಳಪ್ಪ, ಅದನ್ನೂ ಬರ್ಕೋ."

ಚೆನ್ನರಾಯಪ್ಪ ಬರೆದುಕೊಂಡ. ಆವಲಪ್ಪ ಆ ಏಳು ವರ್ಷ ಎರಡು ಮೂರು ತಿಂಗಳಿಗೊಮ್ಮೆ ಕುಂಟುತ್ತಾ ಠಾಣೆಗೆ ಬಂದು ಕೇಳುತ್ತಿದ್ದದ್ದು ಒಂದೇ ಮಾತು: "ಸಹಿ ಹಾಕಿದೋರು ಯಾರು ಅಂತ ಮಾತ್ರ ಹೇಳ್ಬಿಡಪ್ಪ, ಸಾಕು." ಅದು ಗೌಪ್ಯ ತಾತ, ಹೇಳಂಗಿಲ್ಲ ಎಂದು ಚೆನ್ನರಾಯಪ್ಪ ಪ್ರತಿ ಸಲವೂ ಕಳಿಸುತ್ತಿದ್ದ. ಮುದುಕ ಯಾಕೆ ಅಷ್ಟು ಗೋಗರೆಯುತ್ತಿದ್ದ ಎಂಬುದು ಅವನಿಗೆ ಈಗ ಗೊತ್ತಾಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸಾಕ್ಷಿಯ ಸಹಿ ಉರ್ದುವಿನಲ್ಲಿತ್ತು. ಪಕ್ಕದಲ್ಲಿ ಲಾಲ್ ಬಾಷಾ, ವಾಸ ಸೀಗೆಕುಂಟೆ ಎಂದು ಬರೆದಿತ್ತು. ಸೀಗೆಕುಂಟೆಯಲ್ಲಿ ಮುಸಲ್ಮಾನರ ಮನೆ ಒಂದೂ ಇರಲಿಲ್ಲ. ಠಾಣೆಯ ಎದುರು ಹಿಂದೆ ಲಾಲ್ ಬಾಷಾ ಎಂಬುವನ ಟೀ ಹೋಟೆಲಿತ್ತೆಂದೂ, ಈಗ ಶಿಡ್ಲಘಟ್ಟದಲ್ಲಿ ಮಗನ ಜೊತೆ ರೇಷ್ಮೆ ನೂಲು ತೆಗೆಸುತ್ತಾನೆಂದೂ ಪಕ್ಕದ ಅಂಗಡಿಯವರು ಅದೇ ಸಂಜೆ ಹೇಳಿಬಿಟ್ಟರು.

14ರಂದು ಬೆಳಿಗ್ಗೆ 11.30ಕ್ಕೆ ಜೀಪು ಶಿಡ್ಲಘಟ್ಟ ಮುಟ್ಟಿತು. ಗೂಡು ಬೇಯುವ ವಾಸನೆಯ ಶೆಡ್ಡಿನಲ್ಲಿ ಲಾಲ್ ಬಾಷಾ ಕುರ್ಚಿ ಹಾಕಿಸಿದ. ಚೆನ್ನರಾಯಪ್ಪನನ್ನು ಕಂಡು ಅವನ ಮುಖ ಅರಳಿತು. ಜೆರಾಕ್ಸ್ ಕಂಡು ಬಾಡಿತು.

"ಈ ಸಹಿ ನಿಮ್ದಾ?"

"ನಂದೇ ಮೇಡಂ."

"ಸೀಗೆಕುಂಟೆಗೆ ಹೋಗಿದ್ರಾ?"

"ಇಲ್ಲ. ಎಲ್ಲೈತೆ ಅಂತಾನೂ ಗೊತ್ತಿಲ್ಲ."

"ಮತ್ತೆ ಸಹಿ ಹೆಂಗೆ ಬಂತು?"

"ಠಾಣೆ ಎದುರು ಹೋಟ್ಲು ಮೇಡಂ. ಪಂಚರು ಬೇಕು ಅಂದ್ರೆ ನಮ್ಮನ್ನೇ ಕರೆಯೋರು. ಹಾಕು ಅಂದಲ್ಲಿ ಹಾಕೋದು."

"ಹಾಕು ಅಂದೋರು ಯಾರು?"

ಲಾಲ್ ಬಾಷಾ ಒಮ್ಮೆ ಚೆನ್ನರಾಯಪ್ಪನ ಕಡೆ ನೋಡಿ ಕಣ್ಣು ತಗ್ಗಿಸಿದ. "ಮರ್ತೋಯ್ತು ಮೇಡಂ. ವಯಸ್ಸಾಯ್ತು. ಎಷ್ಟೋ ಜನ ಬಂದ್ರು, ಹೋದ್ರು."

ಅದನ್ನು ಬರೆದರೆ ಮುಗಿಯುತ್ತಿತ್ತು. ಸಾಕ್ಷಿಗೆ ನೆನಪಿಲ್ಲ, ಎಸ್‌ಐ ಸತ್ತಿದ್ದಾರೆ, ಆಫೀಸ್ ಕಾಪಿ ಗೆದ್ದಲು ತಿಂದಿದೆ. ನಾಲ್ಕು ತಿಂಗಳು ಕಳೆದರೆ ಶಾಲು, ಹಾರ. ಚೆನ್ನರಾಯಪ್ಪ 'ಮರೆತು' ಎಂಬಲ್ಲಿಯವರೆಗೆ ಬರೆದ. ಕೈ ಮುಂದಕ್ಕೆ ಹೋಗಲಿಲ್ಲ. ತನ್ನಿಂದ ಒಂದು ಟೀಗೂ ಸರಿಯಾಗಿ ದುಡ್ಡು ಕಾಣದ ಈ ಮನುಷ್ಯ ಪೊಲೀಸರ ಮುಂದೆ ತನಗಾಗಿ ಸುಳ್ಳು ಹೇಳುತ್ತಿದ್ದಾನೆ.

"ನಾನೇ ಮೇಡಂ," ಎಂದ. "ಬರ್ದಿದ್ದೂ ನಾನೇ, ಸಹಿ ಹಾಕ್ಸಿದ್ದೂ ನಾನೇ. ಆಫೀಸ್ ಕಾಪಿ ಮನೆ ಟ್ರಂಕಿನಲ್ಲಿದೆ."

ಪವಿತ್ರ ಅವನ ಕೈಯಿಂದ ಪೆನ್ನು ತೆಗೆದುಕೊಂಡಳು. "ಅಕ್ಷರ ಮೊದಲ್ನೇ ದಿನಾನೇ ಗುರ್ತು ಸಿಕ್ತು. ತಜ್ಞರಿಗೆ ಕಳಿಸೋ ಮೊದ್ಲು ನೀವಾಗಿ ಹೇಳ್ತೀರೇನೋ ಅಂತ ನೋಡ್ತಿದ್ದೆ," ಎಂದಳು. ಆಚೆ ಹೋಗಿ ಡಿವೈಎಸ್‌ಪಿಗೆ ಫೋನು ಮಾಡಿದಳು.

ಸಂಜೆ 4.40ಕ್ಕೆ ಅವನ ಕ್ವಾರ್ಟರ್ಸಿನಲ್ಲಿ ಕಡತ ಜಪ್ತಿಯಾಯಿತು. ಪಂಚರಾಗಿ ನಿಂತವರು ಅಕ್ಕಪಕ್ಕದ ಮನೆಯವರು, ಈ ಸಲ ನಿಜವಾದ ಪಂಚರು. ಹೆಂಡತಿ ಕೊಂಡಮ್ಮ ಏನನ್ನೂ ಕೇಳದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. 6.10ಕ್ಕೆ ದಸ್ತಗಿರಿ. ಆಮೇಲೆ ಹೇಳಿಕೆ.

"ಯಾರಾದ್ರೂ ದುಡ್ಡು ಕೊಟ್ಟಿದ್ರಾ?"

"ಇಲ್ಲ."

"ಆವಲಪ್ಪನ ಮೇಲೆ ದ್ವೇಷ?"

"ಆಗ ಅವರ ಮುಖಾನೇ ನೋಡಿರ್ಲಿಲ್ಲ."

"ಮತ್ಯಾಕೆ?"

ಒಂದು ಲಂಚವನ್ನಾದರೂ ತಿಂದಿದ್ದರೆ ಹೇಳಲು ಒಂದು ಕಾರಣವಿರುತ್ತಿತ್ತು ಎಂದು ಚೆನ್ನರಾಯಪ್ಪನಿಗೆ ಮೊದಲ ಸಲ ಅನ್ನಿಸಿತು.

"ಹನ್ನೊಂದರ ಬಸ್ಸು ತಪ್ಪೋಯ್ತು ಮೇಡಂ. ಮುಂದಿನ ಬಸ್ಸು ನಾಲ್ಕಕ್ಕೆ. ಎಸ್‌ಐ ಸಾಹೇಬ್ರು ಸಂಜೆ ಒಳಗೆ ವರದಿ ಬೇಕು ಅಂದಿದ್ರು. ಟೀ ಕುಡೀತಾ ಕೂತಿದ್ವಿ. ಯಾರೋ, ಗುಂಡೂ ಇಲ್ಲ ಏನೂ ಇಲ್ಲ, ಕುಡ್ದು ಬಾವಿಗೆ ಬಿದ್ದಿರ್ತಾನೆ ಬಿಡಿ ಅಂದ್ರು. ಎಲ್ರೂ ನಕ್ವಿ. ಅದನ್ನೇ ಬರ್ದೆ."

"ಮುದುಕ್ರು ಏಳು ವರ್ಷ ಠಾಣೆಗೆ ಬಂದ್ರಂತಲ್ಲ, ಅವರ ಮನೆಯೋರು ಹೇಳಿದ್ರು."

"ಒಂದು ಕಾಗದ ಬರೆದಿದ್ರೆ ಸರಿಹೋಗ್ತಿತ್ತು. ಅದಕ್ಕೆ ಊರಿಗೇ ಹೋಗಿರ್ಲಿಲ್ಲ ಅಂತ ಒಪ್ಕೊಬೇಕಿತ್ತಲ್ಲ ಮೇಡಂ. ನಾಚಿಕೆ ಆಯ್ತು. ಅವರು ಬಂದ ಪ್ರತಿ ಸಲವೂ ಹೋದ ಸಲಕ್ಕಿಂತ ಕಷ್ಟ ಆಗ್ತಾ ಹೋಯ್ತು."

ಪವಿತ್ರ ಅದನ್ನು ಅವನು ಹೇಳಿದಂತೆಯೇ ಬರೆದುಕೊಂಡಳು.

ಶನಿವಾರ ಬೆಳಿಗ್ಗೆ ಕೋರ್ಟಿಗೆ ಕರೆದೊಯ್ಯುವ ಮುಂಚೆ ಅಮ್ಮಾಜಮ್ಮ ಬಂದಳು. ವರದಿ ಸುಳ್ಳೆಂದು ಸೇನಾ ಕಚೇರಿಗೆ ಹೊರಟಿದ್ದ ಪತ್ರದ ಪ್ರತಿಯನ್ನು ಪವಿತ್ರ ಆಕೆಗೆ ಕೊಟ್ಟು, ನಡೆದದ್ದನ್ನು ಹೇಳಿದಳು. ಮುದುಕಿ ಎದ್ದು ಬೆಂಚಿನ ಬಳಿ ಬಂದಳು. ಉಗಿಯಲಿ, ಚಪ್ಪಲಿಯಲ್ಲಿ ಹೊಡೆಯಲಿ ಎಂದು ಚೆನ್ನರಾಯಪ್ಪ ಕಾದ.

"ಚೆನ್ನರಾಯಪ್ಪ ಅಂದ್ರೆ ನೀವೇನಾ?"

"ಹೂಂ ಕಣಮ್ಮ."

"ನಮ್ಮ ಯಜಮಾನ್ರು ನಿಮ್ಮ ಹೆಸರು ಹೇಳೋರು. ಠಾಣೆನಾಗೆ ಅವರೊಬ್ರೇ ನನ್ನ ಕೂರ್ಸಿ ಮಾತಾಡ್ಸೋರು ಅನ್ನೋರು."

ಅಷ್ಟು ಹೇಳಿ ಆಕೆ ಪವಿತ್ರಳ ಕಡೆ ತಿರುಗಿದಳು. "ಮೆಡಲ್ ಬಂದಾಗ ಬರ್ಲಿ ಕಣಮ್ಮ. ಪಿಳ್ಳಪ್ಪ ಹೇಳ್ಲಿಲ್ಲ ಅಂತ ಇನ್ನೊಂದು ಕಾಗದ ಬರ್ಕೊಡು, ಇವತ್ತೇ. ಬರೀ ಕೈಯಾಗೆ ಅವನ ಬಾಗಿಲಿಗೆ ಹೆಂಗೆ ಹೋಗ್ಲಿ? ಚಟ್ಟ ಮುಟ್ಬೇಡ ಅಂದಿದ್ದು ನಾನೇ."

ಪವಿತ್ರ ಬರೆದು, ಮೊಹರು ಹಾಕಿ, ಗಟ್ಟಿಯಾಗಿ ಓದಿದಳು. "ದಿವಂಗತ ಆವಲಪ್ಪನವರ ವಿರುದ್ಧ ಪಿಳ್ಳಪ್ಪನವರಾಗಲೀ ಸೀಗೆಕುಂಟೆಯ ಬೇರೆ ಯಾರೇ ಆಗಲೀ ಸಾಕ್ಷಿ ಹೇಳಿರುವುದಿಲ್ಲ." ಅಮ್ಮಾಜಮ್ಮ ಅದನ್ನು ಇನ್ನೊಂದು ಸಲ ಓದಿಸಿಕೊಂಡು, ಮಡಿಸಿ ಸೆರಗಿನ ತುದಿಗೆ ಕಟ್ಟಿಕೊಂಡಳು.

ಈ ಒಂದು ಸಾಲನ್ನು ಆ ಏಳು ವರ್ಷದಲ್ಲಿ ಯಾವತ್ತು ಬೇಕಾದರೂ ಚೆನ್ನರಾಯಪ್ಪ ಬಾಯಿಮಾತಿನಲ್ಲೇ ಹೇಳಬಹುದಿತ್ತು. ಕಾಗದ, ಮೊಹರು ಏನೂ ಬೇಕಿರಲಿಲ್ಲ. ಮುದುಕ ಕೇಳಿದ್ದೂ ಅಷ್ಟನ್ನೇ.