ಮುಚ್ಚಳದ ಮೊಹರು

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಗ್ಯಾಸ್ ಘಟಕದ ಮ್ಯಾನೇಜರು ಠಾಣೆಗೆ ಬಂದು ದೂರು ಕೊಟ್ಟರು. ಸುತ್ತಲಿನ ಹಳ್ಳಿಗಳ ಹುಲ್ಲು, ಕೊಟ್ಟಿಗೆಗಳ ಸಗಣಿ, ಪೇಟೆಯ ತರಕಾರಿ ಕಸ ಎಲ್ಲವೂ ಅಲ್ಲಿನ ತೊಟ್ಟಿಯಲ್ಲಿ ಕೊಳೆತು ಗ್ಯಾಸಾಗುತ್ತಿತ್ತು. ಊರಿನ ಬಸ್ಸುಗಳು ಓಡುತ್ತಿದ್ದುದು, ಆಸ್ಪತ್ರೆಯ ಒಲೆ ಉರಿಯುತ್ತಿದ್ದುದು ಅದರಿಂದಲೇ. ಯಾರೋ ತೊಟ್ಟಿಗೆ ಸೋಪಿನ ಪುಡಿ ಸುರಿದು, ಗ್ಯಾಸು ಮಾಡುವ ಸೂಕ್ಷ್ಮಜೀವಿಗಳನ್ನೆಲ್ಲ ಸಾಯಿಸಿದ್ದಾರೆ ಎಂಬುದು ದೂರು.

"ಅಂದ್ರೆ ಕೊಲೆ ಕೇಸು ಅನ್ನಿ," ಎಂದ ಹೆಡ್ ಕಾನ್‌ಸ್ಟೇಬಲ್. ಇನ್‌ಸ್ಪೆಕ್ಟರ್ ನಗಲಿಲ್ಲ. ಆಸ್ತಿ ನಾಶದ ಕಲಮು ಹಾಕಿಸಿ ಎಫ್‌ಐಆರ್ ಬರೆಸಿ ಜೀಪು ಹತ್ತಿದರು.

ಮ್ಯಾನೇಜರಿಗೆ ಸೌದೆ ಡಿಪೋದವರ ಮೇಲೆ ಗುಮಾನಿ. ಘಟಕ ಬಂದ ಮೇಲೆ ಅವರು ನೊಣ ಹೊಡೆಯುತ್ತ ಕೂತಿದ್ದರು. ಆದರೆ ಪಂಚನಾಮೆ ಮಾಡುವಾಗ ಶೆಡ್ಡಿನ ಹಿಂದೆ ಲಾರಿ ತೊಳೆಯುವ ಸೋಪಿನ ಪುಡಿಯ ಖಾಲಿ ಚೀಲಗಳು ಸಿಕ್ಕವು. ಒಂದನ್ನೂ ಹರಿದಿರಲಿಲ್ಲ. ಹೊಲಿಗೆಯ ದಾರ ಬಿಚ್ಚಿ, ನೀಟಾಗಿ ಮಡಿಸಿ ಇಟ್ಟಿದ್ದರು.

"ಕದ್ದು ಬಂದವನು ಚೀಲ ಹರೀತಾನೆ. ದಾರ ಬಿಚ್ಚಿ ಮಡಿಸೋರು ಯಾರು?" ಇನ್‌ಸ್ಪೆಕ್ಟರ್ ಕೇಳಿದರು.

ಕಸ ವಿಂಗಡಿಸುವ ಶೆಡ್ಡಿನ ಹೆಂಗಸರು ಎಲ್ಲ ಚೀಲಗಳನ್ನೂ ಹಾಗೇ ಬಿಚ್ಚುತ್ತಿದ್ದರು, ಮತ್ತೆ ತುಂಬಬೇಕಲ್ಲ. ಒಬ್ಬೊಬ್ಬರನ್ನೇ ಕರೆದು ವಿಚಾರಿಸಿದ್ದಾಯಿತು. ಎಲ್ಲರೂ ಗೊತ್ತಿಲ್ಲ ಎಂದರು, ನಾಳೆಯಿಂದ ಕೆಲಸ ಇರುತ್ತದೋ ಇಲ್ಲವೋ ಎಂದು ಕೇಳಿದರು. ಕೊನೆಗೆ ಬಂದ ಹಿರಿಯಾಕೆ, ಎಲ್ಲರೂ ದೊಡ್ಡಮ್ಮ ಎನ್ನುವವರು, ಕೆಲಸದ ಮಾತೇ ಎತ್ತಲಿಲ್ಲ.

"ಗ್ಯಾಸ್ ಪೂರ್ತಿ ನಿಂತೋಯ್ತಾ ಸಾರ್?"

"ನಿಂತಿದೆ."

"ಹಾಗಾದ್ರೆ ಬಾಗಿಲು ಹಾಕ್ತಾರಲ್ವಾ?"

ಆ ದನಿಯಲ್ಲಿ ಆಸೆ ಇತ್ತು. ಇನ್‌ಸ್ಪೆಕ್ಟರ್ ಕುರ್ಚಿ ತೋರಿಸಿದರು. "ನಿಮ್ಮೋರು ಯಾರಮ್ಮಾ ಇಲ್ಲಿ ಕೆಲಸಕ್ಕಿರೋದು?"

"ದೊಡ್ಡ ಮಗ ಇದ್ದ. ಈಗ ಚಿಕ್ಕೋನು."

ಮುಂದಿನದನ್ನು ಅವರು ನಿಂತೇ ಹೇಳಿದರು. ಹೋದ ವರ್ಷ ತೊಟ್ಟಿಯ ತಳದ ಕೆಸರು ತೆಗೆಯಲು ಮುಚ್ಚಳ ತೆಗೆದು ಒಳಗೆ ಇಳಿದ ದೊಡ್ಡ ಮಗ, ವಿಷದ ಗಾಳಿ ಕುಡಿದು ಮೇಲೆ ಬರಲಿಲ್ಲ. ಕಂಪನಿ ಕನಿಕರಪಟ್ಟು ಅಣ್ಣನ ಕೆಲಸವನ್ನೇ ತಮ್ಮನಿಗೆ ಕೊಟ್ಟಿತ್ತು. ಆಗ ಕೈಮುಗಿದವರೂ ಇವರೇ. ಬರುವ ತಿಂಗಳು ಅದೇ ತೊಟ್ಟಿಯೊಳಗೆ ಇವನು ಇಳಿಯಬೇಕಿತ್ತು. ಬೇಡವೋ ಎಂದರೆ, ಈಗ ಸೇಫ್ಟಿ ಬೆಲ್ಟು ಕೊಟ್ಟಿದ್ದಾರಮ್ಮ ಎಂದು ನಕ್ಕನಂತೆ. ಸೋಪಿನ ನೀರು ಸೇರಿದರೆ ತೊಟ್ಟಿ ಸಾಯುತ್ತದೆ ಎಂಬ ಬೋರ್ಡಿನ ಕೆಳಗೇ ದೊಡ್ಡಮ್ಮ ದಿನವೂ ಕಸ ಆರಿಸುತ್ತಿದ್ದರು.

"ತೊಟ್ಟಿನೇ ಸತ್ತೋದ್ರೆ ಯಾರೂ ಇಳಿಯೋ ಹಾಗಿರಲ್ಲ ಅಂದ್ಕೊಂಡೆ ಸಾರ್."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮ್ಯಾನೇಜರು ಸಿಡುಕಿದರು. "ಬಾಗಿಲು ಹಾಕೋ ಮಾತೆಲ್ಲಿ ಬಂತು? ಇವತ್ತೇ ಪಂಪ್ ಹಾಕಿ ಖಾಲಿ ಮಾಡಿಸಿ, ನಾಳೆ ಹುಡುಗರನ್ನ ಇಳಿಸಿ ತೊಳಿಸ್ತೀನಿ."

ದೊಡ್ಡಮ್ಮ ಈಗ ಕುರ್ಚಿಯಲ್ಲಿ ಕೂತರು.

ಇನ್‌ಸ್ಪೆಕ್ಟರ್ ಪಂಚನಾಮೆಯ ಹಾಳೆ ವಾಪಸ್ ತರಿಸಿಕೊಂಡರು. ಇಡೀ ತೊಟ್ಟಿಯೇ ಪ್ರಕರಣದ ಮುದ್ದೆಮಾಲು, ಅಂದರೆ ಸಾಕ್ಷ್ಯ; ಕೇಸು ಮುಗಿಯುವವರೆಗೆ ನ್ಯಾಯಾಲಯದ ಅಪ್ಪಣೆಯಿಲ್ಲದೆ ಯಾರೂ ಮುಚ್ಚಳ ತೆಗೆಯತಕ್ಕದ್ದಲ್ಲ ಎಂದು ಬರೆಯಲು ಹೇಳಿದರು.

"ಸ್ಯಾಂಪಲ್ ತಗೊಂಡ್ರೆ ಸಾಕಲ್ವಾ ಸಾರ್?" ಹೆಡ್ ಕಾನ್‌ಸ್ಟೇಬಲ್ ಮೆಲ್ಲಗೆ ಕೇಳಿದ.

"ಬರ್ಕೊಳ್ರಿ."

ಬಟ್ಟೆ ಸುತ್ತಿ, ಅರಗು ಕಾಯಿಸಿ ಮುಚ್ಚಳಕ್ಕೆ ಮೊಹರು ಒತ್ತಿದರು. ಮ್ಯಾನೇಜರು ಮೇಲಿನವರಿಗೆ ಫೋನು ಹಚ್ಚಿದರು. ಗೇಟಿನಾಚೆ ಹುಲ್ಲಿನ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಆಸ್ಪತ್ರೆಯವರು ಮತ್ತೆ ಸೌದೆ ಒಟ್ಟಬೇಕಿತ್ತು. ಘಟಕ ಊರಿಗೆ ಒಳ್ಳೆಯದೇ ಮಾಡುತ್ತಿತ್ತೆಂದು ಇನ್‌ಸ್ಪೆಕ್ಟರಿಗೂ ಗೊತ್ತಿತ್ತು.

ಮಹಿಳಾ ಕಾನ್‌ಸ್ಟೇಬಲ್ ಬಂದ ಮೇಲೆ ದೊಡ್ಡಮ್ಮನ ದಸ್ತಗಿರಿ ಆಗಿ, ಅವರನ್ನು ಜೀಪಿಗೆ ಹತ್ತಿಸಿದರು. ಚಿಕ್ಕ ಮಗ ಓಡಿಬಂದು ಜೀಪಿನ ಕಂಬಿ ಹಿಡಿದು ನಿಂತ.

"ಕೇಸು ಎಷ್ಟು ದಿನ ನಡೆಯುತ್ತೆ ಸಾರ್?" ದೊಡ್ಡಮ್ಮ ಕೇಳಿದರು.

"ವರ್ಷಗಟ್ಟಲೆ ಆಗ್ಬಹುದಮ್ಮಾ."

ಬೇಗ ಮುಗಿಸಿ ಎಂದು ಕಾಲಿಗೆ ಬೀಳುವವರನ್ನಷ್ಟೇ ಇನ್‌ಸ್ಪೆಕ್ಟರ್ ಇದುವರೆಗೆ ಕಂಡಿದ್ದು. ದೊಡ್ಡಮ್ಮ ಮಗನನ್ನು ಒಮ್ಮೆ ತಲೆಯಿಂದ ಕಾಲಿನವರೆಗೆ ನೋಡಿದರು.

"ನಿಧಾನಕ್ಕೆ ನಡೀಲಿ ಬಿಡಿ," ಎಂದು ಸೀಟಿಗೆ ಒರಗಿದರು.