ಲಿಫ್ಟ್ ಮಹಾಶಯ ಫೇಲಾದ ಕಥೆ

ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ನಡುವೆ ಲಿಫ್ಟು ಗಕ್ಕನೆ ನಿಂತುಬಿಟ್ಟಿತು!

ಪರದೇಶದಲ್ಲಿ ಇಂಗ್ಲಿಷ್ ಟೀಚರ್ ಕೆಲಸಕ್ಕೆ ಸೇರಿದ ಮೊದಲ ದಿನವೇ ಹೀಗಾಗಬೇಕೆ? ಐದನೇ ಮಹಡಿಯಲ್ಲಿ ಸಂಜೆಯ ತರಗತಿ ಶುರುವಾಗಲು ಎಂಟೇ ನಿಮಿಷ ಉಳಿದಿತ್ತು. ಲಿಫ್ಟಿನೊಳಗೆ ಇದ್ದವರು ಇಬ್ಬರೇ. ಒಬ್ಬಳು ನಮ್ಮ ಟೀಚರಮ್ಮ. ಇನ್ನೊಬ್ಬ, ಗೋಡೆಯ ತಗಡು ಬಿಚ್ಚಿ ತಂತಿಗಳೊಳಗೆ ಕೈ ಹಾಕಿದ್ದ ನೀಲಿ ಸಮವಸ್ತ್ರದ ಮೆಕ್ಯಾನಿಕ್.

ಅವಳು ಊರಿನಲ್ಲಿದ್ದ ಅಕ್ಕನಿಗೆ ಫೋನ್ ಮಾಡಿದಳು. ಆ ಲಿಫ್ಟಿನಲ್ಲಿ ಏನು ಕೆಟ್ಟರೂ ನೆಟ್‌ವರ್ಕ್ ಮಾತ್ರ ಕೆಡುತ್ತಿರಲಿಲ್ಲ.

"ಅಕ್ಕಾ, ಇಲ್ಲೊಬ್ಬ ಪುಣ್ಯಾತ್ಮ ಲಿಫ್ಟ್ ರಿಪೇರಿ ಮಾಡ್ತಿದ್ದಾನೆ. ಒಂದೊಂದು ಸ್ಕ್ರೂ ಬಿಚ್ಚೋಕೂ ಪಂಚಾಂಗ ನೋಡೋ ಹಾಗಿದ್ದಾನೆ ಕಣಕ್ಕಾ."

ಮೆಕ್ಯಾನಿಕ್‌ನ ಭುಜಗಳು ಅಲುಗಿದವು. ಕೆಮ್ಮುತ್ತಿರಬೇಕು ಅಂದುಕೊಂಡಳು. ಪಾಪ, ಅದು ಕೆಮ್ಮಲ್ಲ ಅಂತ ಗೊತ್ತಾಗಲು ಅವಳಿಗೆ ಆರು ತಿಂಗಳು ಹಿಡಿಯಿತು!

ಮರುವಾರ ಅದೇ ಮನುಷ್ಯ ಅವಳ ತರಗತಿಯ ಮುಂದಿನ ಬೆಂಚಿನಲ್ಲಿ ಬಂದು ಕೂತಿದ್ದ, ಎಣ್ಣೆ ಹಾಕಿ ತಲೆ ಬಾಚಿಕೊಂಡು.

ಆ ಸಂಸ್ಥೆಯಲ್ಲಿ ಒಂದು ವಿಚಿತ್ರ ನಿಯಮವಿತ್ತು. ಹೆಸರು, ಊರು, ತಾಯಿನುಡಿ ಎಲ್ಲವನ್ನೂ ಬಾಗಿಲ ಹೊರಗೇ ಬಿಟ್ಟು ಬರಬೇಕು. ಒಳಗೆ ಎಲ್ಲರಿಗೂ ಅವರವರ ಕೆಲಸವೇ ಹೆಸರು, ಇಂಗ್ಲಿಷೇ ಮಾತು. ಹಾಗಾಗಿ ಅವಳ ತರಗತಿಯಲ್ಲಿ ಒಬ್ಬಳು ನರ್ಸ್, ಒಬ್ಬ ಬೇಕರಿ, ಒಬ್ಬ ಟ್ಯಾಕ್ಸಿ. ಇವನು ಲಿಫ್ಟ್. ಯಾವ ದೇಶದವನೋ ಏನೋ, ಕೇಳುವ ಹಾಗೂ ಇರಲಿಲ್ಲ.

ಎರಡು ತಿಂಗಳಿಗೊಮ್ಮೆ ಪರೀಕ್ಷೆ. ಪಾಸಾದವರು ಎದುರು ಕೋಣೆಗೆ, ಬೇರೆ ಟೀಚರ್ ಬಳಿಗೆ ಹೋಗುತ್ತಾರೆ. ಮೊದಲ ಪರೀಕ್ಷೆಯಲ್ಲಿ ನರ್ಸ್, ಬೇಕರಿ, ಟ್ಯಾಕ್ಸಿ ಮೂವರೂ ಪಾಸು. ಲಿಫ್ಟ್ ಮಾತ್ರ ಏನು ಕೇಳಿದರೂ "ಯೆಸ್" ಅಂದ. ನಿನ್ನೆ ಏನು ಮಾಡಿದೆ? ಯೆಸ್. ಮನೆಯಲ್ಲಿ ಎಷ್ಟು ಜನ? ಯೆಸ್. ಸರಿಯಾಗಿ ಸೊನ್ನೆ ಬಂತು.

ಅವಳ ಕರುಳು ಚುರುಕ್ ಅಂದಿತು. ತರಗತಿ ಮುಗಿದ ಮೇಲೆ ಅವನೊಬ್ಬನಿಗೇ ಅರ್ಧ ಗಂಟೆ ಹೆಚ್ಚಿನ ಪಾಠ ಶುರುಮಾಡಿದಳು. ಅವನ ಉತ್ತರಗಳನ್ನು ತಿದ್ದುತ್ತಾ ತನ್ನಷ್ಟಕ್ಕೆ ತಾನೇ ಕನ್ನಡದಲ್ಲಿ ಗೊಣಗುವುದು ರೂಢಿಯಾಯಿತು. "ಮರದ ಕೊರಡು... ತಲೆಯೊಳಗೆ ಮೆದುಳಿದೆಯೋ ಗ್ರೀಸ್ ಇದೆಯೋ..." ಆಗೆಲ್ಲ ಅವನಿಗೆ ಕೆಮ್ಮು ಬರುತ್ತಿತ್ತು.

ಆದರೆ ಮೊಂಡ ವಿದ್ಯಾರ್ಥಿಯ ಕೈ ಮಾತ್ರ ಚುರುಕಾಗಿತ್ತು. ಮುಚ್ಚದೇ ಇದ್ದ ಕಿಟಕಿ ಒಂದು ದಿನ ಮುಚ್ಚಿಕೊಂಡಿತು. ನಿಂತಿದ್ದ ಗೋಡೆ ಗಡಿಯಾರ ನಡೆಯಿತು. ಅವಳ ಕುರ್ಚಿಯ ಕಾಲು ಅಲುಗುವುದು ನಿಂತಿತು. ಅವನು ರಜೆ ಹಾಕಿದ ಒಂದು ಸಂಜೆ ಖಾಲಿ ಬೆಂಚು ನೋಡಿ ಅವಳ ಎದೆಯೂ ಖಾಲಿ ಖಾಲಿ... ಇದೇನಿದು, ನನಗೇನಾಗಿದೆ!

ಮಾರನೇ ದಿನ ವಿರಾಮದಲ್ಲಿ, ತೆರೆದಿದ್ದ ಲಿಫ್ಟಿನ ಪಕ್ಕದಲ್ಲೇ ನಿಂತು ಅಕ್ಕನ ಬಳಿ ಬಾಯಿಬಿಟ್ಟಳು.

"ಅವನು ಬರದೇ ಇದ್ರೆ ಪಾಠ ಮಾಡೋಕೆ ಮನಸ್ಸೇ ಬರಲ್ಲ ಕಣಕ್ಕಾ. ಅವನಿಗೆ ಇಂಗ್ಲಿಷ್ ಬರಲ್ಲ, ಕನ್ನಡ ಮೊದಲೇ ಬರಲ್ಲ. ಯಾವ ಭಾಷೇಲಿ ಹೇಳಲಿ?"

ಲಿಫ್ಟಿನೊಳಗೆ ಒಂದು ಸ್ಪ್ಯಾನರ್ ಠಣ್ ಅಂತ ಕೆಳಗೆ ಬಿತ್ತು.

ಎರಡನೇ ಪರೀಕ್ಷೆಗೆ ಅವನು ಹೊಸ ಅಂಗಿ ತೊಟ್ಟು ಬಂದ. ಮತ್ತೆ ಸೊನ್ನೆ!

ಮೂರನೇ ಪರೀಕ್ಷೆಯ ದಿನ ನಿರ್ದೇಶಕಿ ಅವಳನ್ನು ಕರೆಸಿದರು. ಒಬ್ಬನೇ ವಿದ್ಯಾರ್ಥಿ ಮೂರು ಸಲ ಫೇಲಾದರೆ ಆ ಟೀಚರ್‌ಗೆ ಮುಂದಿನ ಒಪ್ಪಂದವಿಲ್ಲ, ಒಪ್ಪಂದವಿಲ್ಲದಿದ್ದರೆ ವೀಸಾ ಇಲ್ಲ ಎಂದು ಮೆಲ್ಲಗೆ ನೆನಪಿಸಿದರು. ಅವಳು ಊರು ಬಿಟ್ಟು ಹೊರಟಾಗ, ಆರು ತಿಂಗಳಲ್ಲಿ ಗಂಟುಮೂಟೆ ಕಟ್ಟಿಕೊಂಡು ವಾಪಸ್ ಬರುತ್ತಾಳೆ ಅಂತ ಚಿಕ್ಕಪ್ಪ ನೆಂಟರೆಲ್ಲರ ಮುಂದೆ ಹೇಳಿದ್ದರು. ಇವತ್ತಿಗೆ ಸರಿಯಾಗಿ ಆರು ತಿಂಗಳು.

ಲಿಫ್ಟಿನ ಪಕ್ಕ ನಿಂತು ಅಕ್ಕನ ಹತ್ತಿರ ಅತ್ತಳು. ಇವತ್ತು ಅವನು ಫೇಲಾದರೆ ನನ್ನ ಕೆಲಸ ಹೋಯಿತು, ಆದರೂ ಅವನ ಮೇಲೆ ಸಿಟ್ಟೇ ಬರುತ್ತಿಲ್ಲ ಅಂದಳು. ಒಳಗೆ ಸ್ಕ್ರೂ ತಿರುಗಿಸುತ್ತಿದ್ದ ಸದ್ದು ಥಟ್ಟನೆ ನಿಂತಿತು.

ಪರೀಕ್ಷೆಯಲ್ಲಿ ಸ್ವತಃ ನಿರ್ದೇಶಕಿಯೇ ಪ್ರಶ್ನೆ ಕೇಳಿದರು. ನಿನ್ನ ಕೆಲಸದ ಬಗ್ಗೆ ಹೇಳು.

ಟೀಚರಮ್ಮ ಕಣ್ಣು ಮುಚ್ಚಿಕೊಂಡು ಆ ಹಾಳು "ಯೆಸ್"ಗಾಗಿ ಕಾದಳು.

ಲಿಫ್ಟ್ ಮಹಾಶಯ ಗಂಟಲು ಸರಿಮಾಡಿಕೊಂಡು ಹತ್ತು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿದ, ನೀರು ಕುಡಿದಷ್ಟು ಸಲೀಸಾಗಿ! ಹಗ್ಗ, ರಾಟೆ, ಬ್ರೇಕು, ನಡುವೆ ಸಿಕ್ಕಿಕೊಂಡವರಿಗೆ ಧೈರ್ಯ ಹೇಳುವ ಬಗೆ ಎಲ್ಲ ವಿವರಿಸಿ, ಇಷ್ಟೂ ನಮ್ಮ ಟೀಚರ್ ಕಲಿಸಿದ್ದು ಎಂದು ಕೈ ಮುಗಿದ. ನಿರ್ದೇಶಕಿಯ ಕಣ್ಣು ತುಂಬಿಬಂತು. ಒಪ್ಪಂದ ಖಾಯಂ ಆಯಿತು. ಇನ್ನು ಮೇಲೆ ಸಂಸ್ಥೆಯ ದಡ್ಡರನ್ನೆಲ್ಲ ನಿನ್ನ ತರಗತಿಗೇ ಹಾಕುತ್ತೇನೆ ಎಂದು ಬಹುಮಾನವನ್ನೂ ಘೋಷಿಸಿದರು.

ಅವಳು ಅವನ ಹಿಂದೆಯೇ ಲಿಫ್ಟಿನವರೆಗೆ ಓಡಿದಳು. ಏನು ಕೇಳುವುದೋ ತೋಚದೆ ಕನ್ನಡದಲ್ಲೇ ಗೊಣಗಿದಳು. "ಆರು ತಿಂಗಳು ನನ್ನ ಹೊಟ್ಟೆ ಉರಿಸಿದ್ಯಲ್ಲೋ ಪುಣ್ಯಾತ್ಮ..."

ಅವನು ಟೋಪಿ ತೆಗೆದ. "ತಪ್ಪಾಯ್ತು ಮೇಡಂ."

ಕನ್ನಡ!

ಪಂಚಾಂಗ, ಕೊರಡು, ಗ್ರೀಸ್ ಎಲ್ಲ ಒಂದೊಂದಾಗಿ ನೆನಪಾದವು. ಕೊನೆಗೆ ಆ ಮಾತು... ಅಯ್ಯೋ ದೇವರೇ, ಅದನ್ನೂ ಕೇಳಿಸಿಕೊಂಡಿದ್ದಾನೆಯೇ?

"ಎಲ್ಲಾನೂ ಕೇಳಿಸ್ಕೊಂಡ್ರಾ?"

"ಫೋನಲ್ಲಿ ನೀವು ಸ್ವಲ್ಪ ಜೋರು ಮೇಡಂ."

"ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಬೈಯೋದು ನಿಲ್ಲಿಸ್ತಿದ್ರಿ." ಅವನ ದನಿ ತಗ್ಗಿತು. "ಅಮ್ಮ ಹೋಗಿ ಆರು ವರ್ಷ ಆಯ್ತು. ಆಮೇಲೆ ನನ್ನನ್ನ ಕನ್ನಡದಲ್ಲಿ ಬೈಯೋರೇ ಇರಲಿಲ್ಲ. ಇಂಗ್ಲಿಷ್ ಮೊದಲೇ ಬರ್ತಿತ್ತು, ಆದ್ರೆ ಪಾಸಾಗಿ ಎದುರು ಕೋಣೆಗೆ ಹೋಗೋಕೆ ಮನಸ್ಸು ಬರಲಿಲ್ಲ ಮೇಡಂ. ನಿಮ್ಮ ಕೆಲಸಕ್ಕೇ ಕುತ್ತು ಅಂತ ಇವತ್ತೇ ಗೊತ್ತಾಗಿದ್ದು."

ಅವಳ ಮನಸ್ಸು ಕರಗಿತು. ಆದರೆ ನಾಚಿಕೆ ಅದಕ್ಕಿಂತ ದೊಡ್ಡದಿತ್ತು. ತಿರುಗಿಯೂ ನೋಡದೆ ಮೆಟ್ಟಿಲಿಳಿದು ಹೋದಳು.

ಎಂಟು ದಿನ ಲಿಫ್ಟಿನ ಕಡೆ ಸುಳಿಯಲಿಲ್ಲ. ಐದು ಮಹಡಿ ಹತ್ತಿ ಏದುಸಿರು ಬಿಡುತ್ತಾ ಪಾಠ ಮಾಡಿದಳು. ಹೊಸದಾಗಿ ಸೇರಿದ್ದ ತೋಟಗಾರ ಇದೇ ಸರಿಯಾದ ಉಚ್ಚಾರಣೆಯೆಂದು ನಂಬಿ ತಾನೂ ಏದುಸಿರು ಬಿಟ್ಟೇ ಓದತೊಡಗಿದ. ಮುಂದಿನ ಬೆಂಚು ಮಾತ್ರ ಖಾಲಿ. ಎದುರು ಕೋಣೆಯ ಟೀಚರ್ ಒಂದು ದಿನ ಬಂದು, ನಿಮ್ಮ ಲಿಫ್ಟ್ ನನ್ನ ತರಗತಿಗೆ ಒಂದು ದಿನವೂ ಬಂದಿಲ್ಲ ಅಂದರು. ಅವತ್ತು ಅವಳು ಬೋರ್ಡಿನ ಮೇಲೆ ಬರೆದದ್ದನ್ನೇ ಮೂರು ಸಲ ಬರೆದಳು.

ಒಂಬತ್ತನೇ ದಿನ ಮಂಡಿ ಊದಿಕೊಂಡಿತು. ಅಕ್ಕ ಫೋನಿನಲ್ಲೇ ತೀರ್ಪು ಕೊಟ್ಟಳು. "ಮಂಡಿಗೆ ಎಣ್ಣೆ ಹಚ್ಕೊ, ಇಲ್ಲಾಂದ್ರೆ ಲಿಫ್ಟ್ ಹತ್ತು. ಎರಡರಲ್ಲಿ ಒಂದು ಮಾಡೇ ಮಾರಾಯ್ತಿ."

ಫೋನು ಕಿವಿಗಿಟ್ಟುಕೊಂಡೇ ಕುಂಟುತ್ತಾ ಲಿಫ್ಟಿನೊಳಗೆ ಕಾಲಿಟ್ಟಳು. ತಗಡು ಬಿಚ್ಚಿಕೊಂಡು ಅವನು ಒಳಗೇ ಇದ್ದ! ಬಾಗಿಲು ಮುಚ್ಚಿಕೊಂಡಿತು. ಗಾಬರಿಯಲ್ಲಿ ಫೋನನ್ನು ಕೈಚೀಲಕ್ಕೆ ತುರುಕಿದಳು. ಕರೆ ಕತ್ತರಿಸಲು ಮರೆತಳು.

"ಮಂಡಿ ನೋವಾ ಮೇಡಂ?" ಅವನು ತಂತಿಗಳನ್ನೇ ನೋಡುತ್ತಾ ಕೇಳಿದ.

"ಎಲ್ಲಾ ಕೇಳಿಸ್ಕೊಂಡಿದ್ದೀರಲ್ಲ. ಇನ್ನು ನಾನು ಹೇಳೋಕೆ ಏನು ಉಳಿದಿದೆ?"

ಅವನು ಸ್ಕ್ರೂಡ್ರೈವರ್ ಜೇಬಿಗೆ ಹಾಕಿ ಅವಳ ಕಡೆ ತಿರುಗಿದ. "ಅಕ್ಕನಿಗೆ ಹೇಳಿದ್ದು ಕೇಳಿಸ್ಕೊಂಡೆ. ನನಗೆ ಅಂತ ಹೇಳಿದ್ದು ಇನ್ನೂ ಕೇಳಿಲ್ಲ."

ಅವಳ ಕೆನ್ನೆ ಬಿಸಿಯಾಯಿತು. ನೆಲ ನೋಡಿದಳು, ಬಾಗಿಲು ನೋಡಿದಳು, ಕೊನೆಗೆ ಅವನನ್ನೇ ನೋಡಿದಳು.

"ನೀವು ಬರದೇ ಇದ್ರೆ... ನಂಗೆ ಪಾಠ ಮಾಡೋಕೆ ಮನಸ್ಸೇ ಬರಲ್ಲ."

"ನಿಮ್ಮ ಬೈಗುಳ ಇಲ್ಲದೆ ನಂಗೂ ಎಂಟು ದಿನ ಊಟ ಸೇರಲಿಲ್ಲ." ಅವನ ಕಣ್ಣು ಒದ್ದೆಯಾಗಿತ್ತು. "ಜೀವನಪೂರ್ತಿ ಬೈತಾ ಇರ್ತೀರಾ?"

ಅವಳು ಬಾಯಿ ತೆರೆಯುವ ಮೊದಲೇ ಕೈಚೀಲ ಮಾತಾಡಿತು. "ಏನಂದ ಅವನು? ಜೋರಾಗಿ ಹೇಳೋಕೆ ಹೇಳೇ, ಸರಿಯಾಗಿ ಕೇಳಿಸ್ತಿಲ್ಲ!"

"ಅಕ್ಕಾ, ಇಲ್ಲಿ ನೆಟ್‌ವರ್ಕ್ ಇಲ್ಲ, ಆಮೇಲೆ ಮಾಡ್ತೀನಿ."

ಅವನು ಚೀಲದ ಕಡೆ ಬಗ್ಗಿದ. "ಸುಳ್ಳು ಅಕ್ಕಾ. ನೆಟ್‌ವರ್ಕ್ ಚೆನ್ನಾಗೇ ಇದೆ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. "ಮೊದಲು ಲಿಫ್ಟ್ ನಡೆಸೋ ಪುಣ್ಯಾತ್ಮ, ತರಗತಿಗೆ ಹೊತ್ತಾಯ್ತು. ತಲೇಲಿ ಇರೋದು ಗ್ರೀಸೇ!"

ಅವನು ಕಣ್ಣೊರೆಸಿಕೊಂಡು, "ಹ್ಞೂಂ ಮೇಡಂ" ಅಂದ. ಆದರೆ ಆ ಒಂದು ಗುಂಡಿ ಒತ್ತಲು ಪಂಚಾಂಗ ನೋಡುವವನ ಹಾಗೆ ತುಂಬಾ ಹೊತ್ತು ತೆಗೆದುಕೊಂಡ.